ಪೇಟಿಯಿಲ್ಲದ ಹಾಡನ್ನು ಕಾಗದಕ್ಕಿಳಿಸುವಾಗ

ಬೀದರಿನಲ್ಲಿ ನಾನು ಹಾಡುವ ಚರ್ಚಿನಲ್ಲಿ ಗುಡ್ ಫ್ರೈಡೇ ದಿನ ಪೇಟಿ, ಅಂದರೆ ಹಾರ್ಮೋನಿಯಂ, ಮುಟ್ಟುವುದಿಲ್ಲ. ತಬಲಾ, ಕೀಬೋರ್ಡ್ ಕೂಡ ಅವತ್ತು ಬಟ್ಟೆ ಹೊದ್ದು ಮೂಲೆಯಲ್ಲಿರುತ್ತವೆ. ಕ್ವಾಯರಿನ 14 ಮಂದಿ ಬರೀ ಕೊರಳಲ್ಲಿ ನಾಲ್ಕು ಪಾರ್ಟ್ ಹಾಡುತ್ತೇವೆ. ಹೆಣ್ಣುಮಕ್ಕಳಲ್ಲಿ ಏರುದನಿಯವರದು ಸೊಪ್ರಾನೊ, ಇಳಿದನಿಯವರದು ಆಲ್ಟೊ. ಗಂಡಸರಲ್ಲಿ ಹಾಗೆಯೇ ಟೆನರ್ ಮತ್ತು ಬಾಸ್. ವಾದ್ಯವಿಲ್ಲದ ಈ ಹಾಡಿಕೆಗೆ ಇಟಲಿಯವರು ಅ ಕಪೆಲ್ಲ ಅನ್ನುತ್ತಾರೆ. ಪ್ರಾರ್ಥನಾ ಮಂದಿರದ ರೀತಿ ಎಂಬುದು ಅದರ ಮೂಲಾರ್ಥ.

ನಮ್ಮ ನಾಲ್ಕು ಪಾರ್ಟುಗಳನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಬಂದವು ಅವು. ಬಾಸ್ ಹಾಡುವ ಹಿರಿಯರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಒಂದು ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಅವರು ನನ್ನನ್ನು ಬಾಗಿಲಲ್ಲೇ ತಡೆದರು. "ತಮ್ಮಾ, ನಂಗ ಈಗೀಗ ದಮ್ಮು ಹತ್ತಲಾಕತ್ತದ. ಇದನ್ನೆಲ್ಲ ಬರ್ದಿಡು. ನಿನ್ನ ಕಂಪ್ಯೂಟರ್ ಅದ ಅಲ್ಲ, ಅದಕ್ಕ ರೆಕಾರ್ಡಿಂಗ್ ಕೇಳ್ಸು, ತಾನಾ ಬರೀತದ."

ಅದು ತಾನಾಗಿ ಬರೆಯಲಿಲ್ಲ. ಒಂದೇ ಹಾಡಿಗೆ ನನಗೆ ಆರು ವಾರ ಹಿಡಿಯಿತು. ಯಾಕೆ ಹಿಡಿಯಿತು, ಎಲ್ಲೆಲ್ಲಿ ಸಿಕ್ಕಿಕೊಂಡೆ ಎಂಬುದನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಚರ್ಚಿನ ಹಾಡೇ ಆಗಬೇಕೆಂದಿಲ್ಲ. ಭಜನಿ ಮಂಡಳಿಯವರೋ ಕಾಲೇಜಿನ ಹುಡುಗರೋ ನಾಲ್ಕು ದನಿಯಲ್ಲಿ ಏನಾದರೂ ಹಾಡಿದ್ದನ್ನು ಬರೆದಿಡಲು ಹೊರಟರೆ ಇದೇ ದಾರಿಯಲ್ಲಿ ಇದೇ ಕಲ್ಲುಗಳು ಸಿಗುತ್ತವೆ.

ಮೊದಲು ಯಂತ್ರದ ಪರಿಚಯ. ನೊಟೇಶನ್ ಸಾಫ್ಟ್‌ವೇರ್ ಅಂದರೆ ಸಂಗೀತದ ಟೈಪಿಂಗ್ ಸಾಧನ. ಕಂಪ್ಯೂಟರಿನಲ್ಲಿ ಅರ್ಜಿ ಟೈಪ್ ಮಾಡಿದಂತೆ ಇಲ್ಲಿ ಐದು ಗೆರೆಗಳ ಸ್ಟಾಫ್ ಮೇಲೆ ಸ್ವರಗಳನ್ನು ಕೂರಿಸುತ್ತೇವೆ. ಅರ್ಜಿಯಲ್ಲಿ ಏನಿರಬೇಕು ಎಂಬುದು ಟೈಪಿಂಗ್ ಸಾಧನಕ್ಕೆ ಗೊತ್ತಿರುವುದಿಲ್ಲ, ಇದಕ್ಕೂ ಹಾಡು ಗೊತ್ತಿಲ್ಲ. ಮಾತ್ರೆಗಳ ಲೆಕ್ಕ ಇಡುತ್ತದೆ, ಬರೆದದ್ದನ್ನು ನುಡಿಸಿ ಕೇಳಿಸುತ್ತದೆ, ಅಚ್ಚುಕಟ್ಟಾಗಿ ಪ್ರಿಂಟ್ ಕೊಡುತ್ತದೆ. ಈ ಮೂರಕ್ಕಷ್ಟೇ ಅದನ್ನು ನಂಬಿ.

ನಾನು ಬಳಸುವುದು ಮ್ಯೂಸ್‌ಸ್ಕೋರ್. ದುಡ್ಡು ಕೊಡಬೇಕಿಲ್ಲ, ಮುಕ್ತ ತಂತ್ರಾಂಶ. 2011ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು, 2022ರ ಕೊನೆಗೆ ನಾಲ್ಕನೆಯದು. ಸಿಬೇಲಿಯಸ್, ಡೊರಿಕೊ ಬಳಸುವವರೂ ಇದ್ದಾರೆ. ಲಿಲಿಪಾಂಡ್ ಎಂಬುದರಲ್ಲಿ ಸ್ವರಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡಿದರೆ ಅದು ಸ್ಟಾಫ್ ಮಾಡಿಕೊಡುತ್ತದೆ. ಯಾವುದನ್ನೇ ಹಿಡಿಯಿರಿ, ಫೈಲಿನ ಒಂದು ಪ್ರತಿಯನ್ನು ಬೇರೆ ನೊಟೇಶನ್ ಸಾಫ್ಟ್‌ವೇರುಗಳೂ ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲೂ ಉಳಿಸಿಡಿ. 1988ರಿಂದ ಸಂಗೀತಗಾರರ ಮೇಜಿನ ಮೇಲಿದ್ದ ಫಿನಾಲೆ ಎಂಬ ದೊಡ್ಡ ತಂತ್ರಾಂಶವನ್ನು 2024ರ ಆಗಸ್ಟಿನಲ್ಲಿ ಅದರ ಕಂಪನಿಯೇ ನಿಲ್ಲಿಸುವುದಾಗಿ ಘೋಷಿಸಿತು. ಮ್ಯೂಸಿಕ್‌ಎಕ್ಸ್‌ಎಂಎಲ್ ಪ್ರತಿ ಇದ್ದವರು ಬೇರೆ ಮನೆಗೆ ಸಾಮಾನು ಸಾಗಿಸಿದಂತೆ ಹಾಡುಗಳನ್ನು ಸಾಗಿಸಿಕೊಂಡರು.

ಯಂತ್ರ ಯಾಕೆ ಕೇಳಲಾರದು

ರೆಕಾರ್ಡಿಂಗ್ ಕೊಟ್ಟರೆ ನೊಟೇಶನ್ ಮಾಡಿಕೊಡುವ ಆ್ಯಪ್‌ಗಳು ಇಲ್ಲವೇ ಎಂದು ಕೇಳುತ್ತೀರಿ. ಇವೆ. ಒಂಟಿ ದನಿ ಹಾಡಿದರೆ ತಕ್ಕಮಟ್ಟಿಗೆ ಬರೆಯುತ್ತವೆ. ನಾಲ್ಕು ದನಿ ಕೂಡಿದಲ್ಲಿ ಎಡವುತ್ತವೆ, ಅದೂ ಕ್ವಾಯರ್ ಚೆನ್ನಾಗಿ ಹಾಡಿದಷ್ಟೂ ಹೆಚ್ಚು ಎಡವುತ್ತವೆ. ಇದರ ಕಾರಣ ತಿಳಿದುಕೊಂಡರೆ ಮುಂದೆ ನಮ್ಮ ಕಿವಿ ಎಲ್ಲಿ ಮೋಸ ಹೋಗುತ್ತದೆ ಎಂಬುದೂ ತಿಳಿಯುತ್ತದೆ.

ಮನುಷ್ಯನ ಕೊರಳು ಎಂದೂ ಒಂದೇ ಕಂಪನ ಹೊರಡಿಸುವುದಿಲ್ಲ. ಬಾಸ್ ಹಾಡುವವರು ಸೆಕೆಂಡಿಗೆ 110 ಕಂಪನದ ಸ್ವರ ಹಿಡಿದರೆ ಅದರ ಜೊತೆಗೇ 220, 330, 440, 550 ಹೀಗೆ ಅದರ ಗುಣಕಗಳೆಲ್ಲ ಮೆಲ್ಲಗೆ ಮೊಳಗುತ್ತವೆ. ಇವುಗಳಿಗೆ ಹಾರ್ಮೋನಿಕ್ಸ್ ಎನ್ನುತ್ತಾರೆ. ತಂಬೂರಿ ಮೀಟಿ ಸುಮ್ಮನೆ ಕುಳಿತರೆ ಯಾರೂ ಮೀಟದ ಗಾಂಧಾರ ಕೇಳಿಸುತ್ತದಲ್ಲ, ಅದು ಇದೇ ಐದನೆಯದು. ಈಗ ಬಾಸಿನ ಮೇಲೆ ಟೆನರ್ ಒಂದು ಸಪ್ತಕ ಮೇಲಿನ ಸಾ ಹಿಡಿದರು ಅನ್ನಿ: 220. ಆಲ್ಟೊದವರು ಪಂಚಮ: 330. ಸೊಪ್ರಾನೊ ಇನ್ನೊಂದು ಸಪ್ತಕ ಮೇಲಿನ ಸಾ: 440. ಮೂರೂ ದನಿಗಳು ಬಾಸಿನ ಹಾರ್ಮೋನಿಕ್ಸ್ ಮೇಲೆಯೇ ಕರಾರುವಾಕ್ಕಾಗಿ ಕೂತುಬಿಟ್ಟವು. ಯಂತ್ರಕ್ಕೆ ಕಾಣುವುದು ಕಂಪನಗಳ ರಾಶಿ ಮಾತ್ರ. 220 ಎಂಬುದು ಟೆನರ್ ಹಾಡಿದ್ದೋ ಬಾಸಿನ ನೆರಳೋ ಅದು ಹೇಗೆ ಹೇಳೀತು? ಸ್ವಲ್ಪ ಬೇಸೂರಾಗಿ ಹಾಡಿದ್ದರೆ ಬೇರ್ಪಡಿಸಬಹುದಿತ್ತು. ವಾದ್ಯದಿಂದ ದನಿಯನ್ನು ಬಿಡಿಸುವ ಹೊಸ ಉಪಕರಣಗಳೂ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಯಾಕಂದರೆ ಇಲ್ಲಿ ಬಿಡಿಸಬೇಕಾದ್ದು ದನಿಯಿಂದ ದನಿಯನ್ನೇ.

ಆದ್ದರಿಂದ ಬಿಡಿಸುವ ಕೆಲಸವನ್ನು ರೆಕಾರ್ಡಿಂಗಿಗೆ ಮೊದಲೇ ಮಾಡಿಕೊಳ್ಳಬೇಕು. ನಾನು ಮೊದಲ ಸಲ ಮೊಬೈಲನ್ನು ಹಾಲಿನ ನಡುವೆ ಸ್ಟೂಲಿನ ಮೇಲಿಟ್ಟು ಎಲ್ಲರನ್ನೂ ಒಟ್ಟಿಗೆ ಹಾಡಿಸಿದೆ. ಕೇಳಿದರೆ ಸೊಪ್ರಾನೊ ಮತ್ತು ಫ್ಯಾನು, ಇವೆರಡೇ. ನಮ್ಮ ಕರೆಂಟು 50 ಹರ್ಟ್ಸಿನದು. ಅದರಲ್ಲಿ ತಿರುಗುವ ಮೋಟಾರಿನ ಗುಂಯ್ ಸದ್ದು ಅದರ ದುಪ್ಪಟ್ಟು, ಅಂದರೆ 100ರ ಆಸುಪಾಸಿನಲ್ಲಿರುತ್ತದೆ. ಕಾಕಾ ಅವರ ಕೆಳಗಿನ ಪಂಚಮವೂ ಹೆಚ್ಚುಕಡಿಮೆ ಅಲ್ಲೇ. ಎರಡನೆಯ ಸಲ ಫ್ಯಾನ್ ಬಂದ್ ಮಾಡಿಸಿದೆ. ಏಪ್ರಿಲ್ ತಿಂಗಳಲ್ಲಿ ಬೀದರಿನಲ್ಲಿ ಫ್ಯಾನ್ ಬಂದ್ ಮಾಡ್ರಿ ಅನ್ನುವುದು ಎಷ್ಟು ಧೈರ್ಯದ ಮಾತು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಪಾರ್ಟಿನಿಂದ ಒಬ್ಬರ ಕೈಗೆ ಒಂದು ಮೊಬೈಲ್ ಕೊಟ್ಟು, ಬಾಯಿಂದ ಒಂದು ಗೇಣು ದೂರ ಹಿಡಿಯಲು ಹೇಳಿದೆ. ಎಲ್ಲರೂ ಒಟ್ಟಿಗೆ ಹಾಡುವುದು, ಆದರೆ ಪ್ರತಿ ಮೊಬೈಲಿನಲ್ಲೂ ಒಂದೊಂದು ದನಿ ಮುಂದೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಹಾಡಿಸಬಾರದೇ ಅಂದರೆ, ಹಾಡಿಸಿ ನೋಡಿದೆ. ಪಕ್ಕದ ದನಿ ಇಲ್ಲದೆ ಟೆನರಿನವರು ಎರಡನೇ ಸಾಲಿಗೇ ಸೊಪ್ರಾನೊ ಧಾಟಿಗೆ ಜಾರಿದರು.

ಇದಾದ ಮೇಲೆ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ರೆಕಾರ್ಡಿಂಗನ್ನು ನಾಲ್ಕೈದು ಸೆಕೆಂಡಿನ ತುಂಡುಗಳಾಗಿ ಮತ್ತೆ ಮತ್ತೆ ಕೇಳಬೇಕು. ಶ್ರುತಿ ಬದಲಾಗದಂತೆ ಲಯವನ್ನು ಮಾತ್ರ ನಿಧಾನ ಮಾಡಲು ಅದರಲ್ಲಿ ಅನುಕೂಲವಿದೆ. ಬಾಸಿಗೆ ಒಂದು ಉಪಾಯ: ಇಡೀ ತುಂಡನ್ನು ಒಂದು ಸಪ್ತಕ ಮೇಲಕ್ಕೆ ಎತ್ತಿ ಕೇಳಿ. ಮಂದ್ರದಲ್ಲಿ ಗೊಗ್ಗರಾಗಿ ಕೇಳುವ ಸ್ವರ ಎತ್ತಿದಾಗ ಹೆಂಗಸರ ದನಿಯಂತಾಗಿ ಥಟ್ಟನೆ ಗುರುತು ಸಿಗುತ್ತದೆ.

ಸಾ ಎಲ್ಲಿದೆ

ಮೊದಲ ಸ್ವರ ಬರೆಯುವ ಮುನ್ನ ಸಾ ಹುಡುಕಬೇಕು. ನಮ್ಮದು ಕಾಳಿ ಒಂದರಲ್ಲಿ ಶುರುವಾಗಿತ್ತು, ಪೇಟಿಯ ಮೊದಲ ಕರಿ ಮನೆ, ಪಾಶ್ಚಾತ್ಯರ ಸಿ ಶಾರ್ಪ್. ಐದು ಚರಣ ಮುಗಿಸಿ ನಿಂತಾಗ ಪೇಟಿ ಮುಟ್ಟಿ ನೋಡಿದೆ: ಸಫೇದ್ ಒಂದು, ಅದರ ಕೆಳಗಿನ ಬಿಳಿ ಮನೆ. ಅರ್ಧ ಸ್ವರ ಇಳಿದಿದ್ದೇವೆ, ಯಾರಿಗೂ ಗೊತ್ತಾಗಿಲ್ಲ. ವಾದ್ಯವಿಲ್ಲದೆ ಹಾಡುವವರಿಗೆಲ್ಲ ಇದು ಆಗುವಂಥದ್ದೇ. ದಣಿವು, ಸೆಕೆ, ಉಸಿರು ಸಾಲದಿರುವುದು ಹೌದು; ಇವೆಲ್ಲ ಇಲ್ಲದಾಗಲೂ ಇಳಿಸುವ ಒಂದು ಕಾರಣ ಸ್ವರಗಳ ಗಣಿತದಲ್ಲೇ ಇದೆ.

ಪೇಟಿಯಲ್ಲಿ ಒಂದು ಸಪ್ತಕವನ್ನು 12 ಸಮ ಪಾಲು ಮಾಡಿರುತ್ತಾರೆ, ಒಂದೊಂದು ಪಾಲಿಗೆ 100 ಸೆಂಟ್. ಹಾಗಾಗಿ ಸಾ ದಿಂದ ಶುದ್ಧ ಗ 400 ಸೆಂಟ್ ದೂರ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರ ಮಾತ್ರ 386ಕ್ಕೇ ಇದೆ, ಕೊರಳು ಹುಡುಕಿಕೊಂಡು ಹೋಗುವುದು ಅದನ್ನೇ. ಪೇಟಿಯ ಮೇಲಿನ ಹಳೇ ಸಿಟ್ಟಿಗೆ ಇದೂ ಒಂದು ಕಾರಣ. ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ಹೊರಗೇ ಇಟ್ಟಿತ್ತು. ಇನ್ನು ರಿಷಭದ ಕಥೆ. ಧೈವತವನ್ನು ಆಧಾರವಾಗಿಟ್ಟುಕೊಂಡು ಇಳಿದು ಬಂದರೆ ಶುದ್ಧ ರೆ ಸಿಗುವುದು 182 ಸೆಂಟಿಗೆ. ಪಂಚಮದಿಂದ ಲೆಕ್ಕ ಹಾಕಿದರೆ 204ಕ್ಕೆ. ಅಂದರೆ ಒಂದೇ ರೆಗೆ ಎರಡು ಮನೆ, ನಡುವೆ 22 ಸೆಂಟ್. ನಮ್ಮ ಹಳೆಯ ಶಾಸ್ತ್ರದ ಪ್ರಮಾಣ ಶ್ರುತಿ ಎಂಬ ಅಳತೆಯನ್ನು ಇಂದಿನ ಲೆಕ್ಕಿಗರು ಗುರುತಿಸುವುದು ಈ ಅಂತರದಲ್ಲೇ. ಹಾಡಿನ ಕಾರ್ಡುಗಳು, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳು, ಸಾ, ಧ, ರೆ, ಪ, ಮತ್ತೆ ಸಾ ಎಂದು ಸುತ್ತು ಹೊಡೆದಾಗ, ಧೈವತಕ್ಕೆ ಹೊಂದಿಸಿ ಹಿಡಿದ ರೆಯನ್ನು ಕ್ವಾಯರ್ ಅಲ್ಲಾಡಿಸದೆ ಪಂಚಮದ ಕಾರ್ಡಿಗೂ ದಾಟಿಸಿತು ಅನ್ನಿ. ಆಗ ಪಂಚಮವೇ ಆ 22 ಸೆಂಟ್ ಕೆಳಗೆ ಬಂದು ಕೂರುತ್ತದೆ, ಅದರ ಹಿಂದೆ ಸಾ ಕೂಡ. ಪ್ರತಿ ಹೆಜ್ಜೆಯಲ್ಲೂ ಸುರೇಲಾಗಿಯೇ ಹಾಡಿರುತ್ತಾರೆ, ಸುತ್ತು ಮುಗಿದಾಗ ನೆಲವೇ ತುಸು ಕುಸಿದಿರುತ್ತದೆ. ಅಂಥ ಐದು ಸುತ್ತಿಗೆ ಸುಮಾರು 108 ಸೆಂಟ್. ನಮ್ಮ ಕ್ವಾಯರ್ ಇಳಿದದ್ದು ಪೂರ್ತಿ ಈ ಗಣಿತದಿಂದಲೇ ಎಂದು ನಾನು ಹೇಳುವುದಿಲ್ಲ. ಕಾಕಾ ಎದುರು ಹೀಗೇ ಹೇಳಿದೆ, ಅವರಿಗೆ ಸಮಾಧಾನವಾಯಿತು.

ಬರೆಯುವವರಿಗೆ ಇದರಿಂದ ಬರುವ ತೊಡಕು ಇಷ್ಟು. ಪಕ್ಕದಲ್ಲಿ ಪೇಟಿ ಇಟ್ಟುಕೊಂಡು ಹೋಲಿಸುತ್ತಾ ಕುಳಿತರೆ ಮೂರನೆಯ ಚರಣದ ಹೊತ್ತಿಗೆ ಪ್ರತಿ ಸ್ವರವೂ ಎರಡು ಮನೆಗಳ ನಡುವೆ ಸಿಗುತ್ತದೆ, ಮತ್ತು ನೀವು ಸ್ವರ ತಪ್ಪಾಗಿ ಬರೆಯತೊಡಗುತ್ತೀರಿ. ಪ್ರತಿ ಸಾಲಿನ ತುಂಡನ್ನೂ ಬೇರೆಯಾಗಿ ತೆಗೆದು, ಅದರ ಸಾ ಕಾಳಿ ಒಂದಕ್ಕೆ ಸೇರುವಂತೆ ಒಂದಿಷ್ಟು ಮೇಲೆತ್ತಿ, ಆಮೇಲೆ ಕೇಳಿ ಬರೆಯಿರಿ. ಇಳಿದದ್ದನ್ನು ಬರೆಯಬೇಡಿ. ಅದು ಅವತ್ತಿನ ಹಾಡಿಕೆಯದು, ಹಾಡಿನದಲ್ಲ.

ಹಾಗೆಯೇ ಕಾಳಿ ಒಂದನ್ನು ಇದ್ದ ಹಾಗೇ ಸ್ಟಾಫ್ ಮೇಲೆ ಬರೆದರೆ ಪ್ರತಿ ಸಾಲಿನ ಆರಂಭಕ್ಕೆ ಏಳು ಶಾರ್ಪ್ (ಅರ್ಧ ಸ್ವರ ಏರಿಸುವ ಚಿಹ್ನೆ), ಅಥವಾ ಡಿ ಫ್ಲಾಟ್ ಎಂದು ಬರೆದರೆ ಐದು ಫ್ಲಾಟ್ (ಅರ್ಧ ಸ್ವರ ಇಳಿಸುವ ಚಿಹ್ನೆ) ಬರುತ್ತವೆ. ನೋಡಿದವರು ಹೆದರುತ್ತಾರೆ. ನಾನು ಒಂದೂ ಚಿಹ್ನೆ ಬೇಡದ ಸಿಯಲ್ಲಿ ಬರೆದು, ಮೇಲೆ 'ಸಾ: ಕಾಳಿ ಒಂದು' ಎಂದು ಹಾಕಿದೆ. ಕೊರಳಿಗೆ ಮನೆಗಳಿಲ್ಲ, ಎಲ್ಲಿಂದ ಸಾ ಕೊಟ್ಟರೂ ಅದೇ ಹಾಡು. ಬೇಕೆನಿಸಿದರೆ ಇಡೀ ಹಾಡನ್ನು ಮೇಲೆ ಕೆಳಗೆ ಸರಿಸಲು ಮ್ಯೂಸ್‌ಸ್ಕೋರಿಗೆ ಒಂದು ಕ್ಲಿಕ್ ಸಾಕು.

ಲೆಕ್ಕದ ಗುಮಾಸ್ತ

ಹೊಸ ಸ್ಕೋರ್, ಅಂದರೆ ಹಾಡು ಬರೆಯುವ ಹಾಳೆ, ತೆರೆಯುವಾಗ ಕ್ವಾಯರಿನ ಸಿದ್ಧ ಮಾದರಿ ಆರಿಸಿದರೆ ನಾಲ್ಕು ಸ್ಟಾಫ್ ತಾನಾಗಿ ಬರುತ್ತವೆ. ಅದನ್ನು ಬಿಟ್ಟು ಜಾಣತನಕ್ಕೆ ಹೋಗಬೇಡಿ. ನಾನು ಸೊಪ್ರಾನೊ ಸ್ಟಾಫನ್ನೇ ನಕಲು ಮಾಡಿ ಟೆನರಿಗೂ ಕೊಟ್ಟೆ. ನುಡಿಸಿದರೆ ಗಂಡಸರು ಹೆಂಗಸರಿಗಿಂತ ಮೇಲೆ ಚೀರುತ್ತಿದ್ದಾರೆ! ಟೆನರಿನ ಕ್ಲೆಫ್, ಅಂದರೆ ಸ್ಟಾಫಿನ ಆರಂಭದ ಚಿಹ್ನೆ, ಅದರ ಕೆಳಗೆ ಸಣ್ಣದೊಂದು 8 ಅಂಕಿ ಇರುತ್ತದೆ, ಬರೆದದ್ದಕ್ಕಿಂತ ಒಂದು ಸಪ್ತಕ ಕೆಳಗೆ ಹಾಡಬೇಕು ಎಂಬ ಸೂಚನೆ. ಅದು ನನ್ನ ನಕಲಿನಲ್ಲಿ ಇರಲಿಲ್ಲ. ಸಿದ್ಧ ಮಾದರಿಯ ಇನ್ನೊಂದು ಲಾಭ, ಆ ದನಿಗೆ ನಿಲುಕದ ಸ್ವರ ಹಾಕಿದರೆ ಅದರ ಬಣ್ಣ ಬದಲಾಗುತ್ತದೆ. ಸಪ್ತಕ ತಪ್ಪಿದ್ದು ಕಣ್ಣಿಗೇ ಬೀಳುತ್ತದೆ.

ತಾಳ ಗೊತ್ತಿದ್ದವರಿಗೆ ಬಾರ್, ಅಂದರೆ ಸ್ಟಾಫ್ ಮೇಲೆ ಮಾತ್ರೆಗಳನ್ನು ಕೂರಿಸುವ ಒಂದು ಖಾನೆ, ಕಷ್ಟವಲ್ಲ. ಕೆಹರ್ವಾದ 8 ಮಾತ್ರೆ 4/4ರ ಒಂದು ಬಾರಿನಲ್ಲಿ ಎಂಟು ಅರ್ಧ ಪೆಟ್ಟಾಗಿ ಕೂರುತ್ತದೆ, ದಾದ್ರಾದ 6 ಮಾತ್ರೆ 6/8ರಲ್ಲಿ. ಬಾರಿನ ಮೊದಲ ಪೆಟ್ಟೇ ಸಮ. ಖಾಲಿ ಬಾರನ್ನು ಸಾಫ್ಟ್‌ವೇರ್ ಮೌನದ ಚಿಹ್ನೆಯಿಂದ ತುಂಬಿರುತ್ತದೆ. ನೀವು ಸ್ವರ ಹಾಕಿದಷ್ಟೂ ಮೌನ ಕಡಿಮೆಯಾಗುತ್ತದೆ. ಹೆಚ್ಚಾದರೆ ಸ್ವರವನ್ನು ಸೀಳಿ ಉಳಿದ ಭಾಗವನ್ನು ಮುಂದಿನ ಬಾರಿಗೆ ಗಂಟು ಹಾಕುತ್ತದೆ. ಹಳೇ ಕಾಲದ ಗುಮಾಸ್ತನ ಹಾಗೆ, ಜಮಾ ಖರ್ಚು ಸರಿಹೋಗುವ ತನಕ ಪುಟ ತಿರುಗಿಸಲು ಬಿಡುವುದಿಲ್ಲ. ಇದು ಮೊದಮೊದಲು ಕಿರಿಕಿರಿ, ಆಮೇಲೆ ಉಪಕಾರ. 'ಅಲ್ಲಿ ಸ್ವಲ್ಪ ಎಳೀಬೇಕು' ಎಂದು ನಾವು ಹೇಳುತ್ತಿದ್ದ ಜಾಗದಲ್ಲಿ ಎಷ್ಟು ಎಳೆಯಬೇಕು ಎಂದು ಅದು ಕೇಳುತ್ತದೆ. ಕೇಳಿದಾಗ ಗೊತ್ತಾಯಿತು, ಸೊಪ್ರಾನೊದವರು ಒಂದೂವರೆ ಮಾತ್ರೆ, ಬಾಸಿನವರು ಎರಡು ಮಾತ್ರೆ ಎಳೆಯುತ್ತಿದ್ದರು, ವರ್ಷಗಟ್ಟಲೆ.

ಗುಮಾಸ್ತನ ಕಣ್ಣಿಗೆ ಬೀಳದ ತಪ್ಪೂ ಒಂದಿದೆ. ನಮ್ಮ ಹಾಡು ಸಮಕ್ಕಿಂತ ಒಂದು ಮಾತ್ರೆ ಮೊದಲೇ ಏಳುತ್ತದೆ. ನಾನು ಮೊದಲ ಅಕ್ಷರವನ್ನೇ ಮೊದಲ ಬಾರಿನ ಮೊದಲ ಪೆಟ್ಟಿಗೆ ಕೂರಿಸಿದೆ. ಲೆಕ್ಕ ಎಲ್ಲ ಸರಿಯೇ ಬಂತು, ನುಡಿಸಿದಾಗಲೂ ಸರಿಯೆನಿಸಿತು. ಕಾಗದ ನೋಡಿ ಹಾಡಿದ ಹೊಸಬರು ಮಾತ್ರ ತಪ್ಪು ಅಕ್ಷರಗಳ ಮೇಲೆ ಒತ್ತು ಕೊಟ್ಟರು. ಇಂಥ ಎತ್ತುಗಡೆಗೆ ಪಿಕಪ್ ಬಾರ್ ಎಂಬ ಗಿಡ್ಡ ಬಾರ್ ಇದೆ. ಸ್ಕೋರ್ ತೆರೆಯುವಾಗಲೇ ಕೇಳುತ್ತದೆ, ಆಗಲೇ ಕೊಟ್ಟುಬಿಡಿ.

ಸ್ವರ ತುಂಬುವುದು ಕೈಕೆಲಸ. ಎನ್ ಒತ್ತಿದರೆ ಬರೆಯುವ ಸ್ಥಿತಿ, 5 ಒತ್ತಿದರೆ ಒಂದು ಪೆಟ್ಟಿನ ಸ್ವರ, 4 ಅದರ ಅರ್ಧ, 6 ಅದರ ದುಪ್ಪಟ್ಟು. ಆಮೇಲೆ ಎಯಿಂದ ಜಿವರೆಗಿನ ಅಕ್ಷರಗಳು. ಕೀಬೋರ್ಡ್ ಕನ್ನಡಕ್ಕೆ ತಿರುಗಿದ್ದಾಗ ಇವು ಕೆಲಸ ಮಾಡುವುದಿಲ್ಲ ಎಂಬುದು ನನಗೆ ಅರಿವಾಗಲು ಒಂದು ಸಂಜೆ ಹೋಯಿತು. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸುವ ರೂಢಿ ಮಾಡಿಕೊಳ್ಳಿ.

ಬರೆಯುವ ಕ್ರಮ ಮುಖ್ಯ. ಸೊಪ್ರಾನೊ ಮೊದಲು, ಅದು ಎಲ್ಲರಿಗೂ ಬಾಯಿಪಾಠ. ಆಮೇಲೆ ಬಾಸ್. ಮೇಲಿನ ಮತ್ತು ಕೆಳಗಿನ ಗೆರೆ ಸಿಕ್ಕ ಮೇಲೆ ನಡುವಿನ ಎರಡು ದನಿಗಳಿಗೆ ಇರುವ ಜಾಗ ಕಿರಿದು. ಬಾಸ್ ಸಾ ಮೇಲೆ, ಸೊಪ್ರಾನೊ ಗ ಮೇಲೆ ಇದ್ದರೆ ಕಾರ್ಡಿಗೆ ಕಡಿಮೆ ಬಿದ್ದದ್ದು ಪ. ಆಲ್ಟೊ ಅಥವಾ ಟೆನರ್, ಇಬ್ಬರಲ್ಲಿ ಒಬ್ಬರು ಅಲ್ಲಿರುತ್ತಾರೆ. ಆಲ್ಟೊ ಸಾಮಾನ್ಯವಾಗಿ ಹೆಚ್ಚು ಕದಲುವುದಿಲ್ಲ. "ನಮ್ದೇನ್ರೀ, ಒಂದೇ ಮನ್ಯಾಗ ಕುಂತಿರ್ತೀವಿ" ಎಂದು ನಮ್ಮ ಆಲ್ಟೊ ಅಕ್ಕೋರು ನಗುತ್ತಾರೆ. ಅವರು ಕೂತಿರುವುದರಿಂದಲೇ ಉಳಿದವರಿಗೆ ಓಡಾಡಲು ಆಗುತ್ತದೆ ಎಂಬುದು ಸ್ಕೋರ್ ನೋಡಿದ ಮೇಲೆ ನನಗೆ ತಿಳಿಯಿತು.

ಈ ಊಹೆಯಲ್ಲಿ ಒಂದು ಅಪಾಯವಿದೆ. ಕಾರ್ಡಿನ ಶಾಸ್ತ್ರ ಸ್ವಲ್ಪ ಓದಿದವರ ಕೈ ಕಿವಿಗೆ ಬಂದದ್ದನ್ನು ಬಿಟ್ಟು ಪುಸ್ತಕಕ್ಕೆ ಸರಿಯಾದದ್ದನ್ನು ಬರೆಯಲು ಹೋಗುತ್ತದೆ. ಎರಡು ದನಿಗಳು ಪಂಚಮದ ಅಂತರ ಕಾಯ್ದುಕೊಂಡು ಒಟ್ಟಿಗೆ ಏರಿಳಿಯಬಾರದು ಎಂದು ಪಾಶ್ಚಾತ್ಯ ಪಠ್ಯಗಳು ಮಕ್ಕಳಿಗೆ ಕಲಿಸುತ್ತವೆ. ನಮ್ಮ ಟೆನರ್ ಮತ್ತು ಬಾಸ್ ಎರಡನೆಯ ಸಾಲಿನುದ್ದಕ್ಕೂ ಮಾಡುವುದು ಅದನ್ನೇ. ನಾನು ತಿದ್ದಲಿಲ್ಲ. ಹಾಡು ಅವರದು.

ಅಕ್ಷರ ಯಾವ ಸ್ವರದ ಕೆಳಗೆ

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಸಾಹಿತ್ಯ. ಸ್ವರ ಆರಿಸಿ ಕಂಟ್ರೋಲ್ ಜೊತೆ ಎಲ್ ಒತ್ತಿ ಟೈಪ್ ಮಾಡುವುದು. ಪದದೊಳಗೆ ಮುಂದಿನ ಅಕ್ಷರಕ್ಕೆ ಹೋಗಲು ಅಡ್ಡಗೆರೆ, ಪದ ಮುಗಿದಾಗ ಸ್ಪೇಸ್, ಕೊನೆಯ ಅಕ್ಷರವನ್ನು ಹಲವು ಸ್ವರಗಳ ಮೇಲೆ ಎಳೆಯಲು ಕೆಳಗೆರೆ. ಯೂನಿಕೋಡ್ ಕನ್ನಡ ಸರಿಯಾಗಿ ಬರುತ್ತದೆ. ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿನಿಂದ ನಕಲು ಮಾಡಿ ಅಂಟಿಸಿದರೆ ರೋಮನ್ ಅಕ್ಷರಗಳ ಕಸ ಬೀಳುತ್ತದೆ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಸ್ಟೈಲ್ ವಿಭಾಗದಲ್ಲಿ ಸಾಹಿತ್ಯದ ಸಮ ಸಾಲು, ಬೆಸ ಸಾಲು ಎರಡಕ್ಕೂ ಬೇರೆ ಬೇರೆಯಾಗಿ ನೋಟೋ ಕನ್ನಡದಂಥ ಫಾಂಟ್ ಕೊಡಬೇಕು. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿ. ಇಂಗ್ಲಿಷಿಗೆ ಅಳೆದ ಜಾಗದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಚರಣದ ತಲೆಗೆ ಬಡಿಯುತ್ತವೆ.

ಇದೆಲ್ಲ ಸುಲಭದ್ದು. ಕಷ್ಟ ಎಲ್ಲಿದೆಯೆಂದರೆ ಕನ್ನಡದ ಬರೆಯುವ ಅಕ್ಷರ ಮತ್ತು ಹಾಡುವ ಅಕ್ಷರ ಒಂದೇ ಅಲ್ಲ. 'ಕಲ್ಯಾಣ' ಎಂಬ ಪದ ತೆಗೆದುಕೊಳ್ಳಿ. ಬರೆಯುವಾಗ ಕ, ಲ್ಯಾ, ಣ. ಬಾಯಲ್ಲಿ ಬರುವುದು ಕಲ್, ಯಾ, ಣ. ಛಂದಸ್ಸಿನವರು ಇದನ್ನು ಎಂದೋ ಗುರುತಿಸಿದ್ದಾರೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದು ಆ ಲಕಾರದ ಭಾರ ಹಿಂದಕ್ಕೆ ಬೀಳುವುದರಿಂದಲೇ. ಈಗ ಮೊದಲ ಅಕ್ಷರ ಮೂರು ಮಾತ್ರೆ ನಿಲ್ಲಬೇಕು. ಲಕಾರವನ್ನು ಯಾವಾಗ ಮುಚ್ಚುವುದು? ಪೇಟಿ ಇದ್ದರೆ ಯಾರು ಯಾವಾಗ ಮುಚ್ಚಿದರೂ ಮುಚ್ಚಿಹೋಗುತ್ತದೆ. ಬರೀ ಕೊರಳಿನಲ್ಲಿ 14 ಜನ 14 ಕಡೆ ಮುಚ್ಚಿದರೆ ಗೋಣಿಚೀಲದಿಂದ ಜೋಳ ಸೋರಿದ ಹಾಗೆ ಕೇಳುತ್ತದೆ.

ನಾನು ಕ-ಲ್ಯಾ-ಣ ಎಂದೇ ಬರೆಯುತ್ತೇನೆ. ಓದುವ ಕಣ್ಣಿಗೆ ಅದೇ ರೂಢಿ, ಮತ್ತು ಮೂರು ಮಾತ್ರೆಯ ಕೆಳಗೆ ಬರೀ 'ಕ' ಕಂಡರೆ ಹಾಡುವವರು ಬಾಯಿ ತೆರೆದೇ ಇಟ್ಟು, ಮುಂದಿನ ಸ್ವರಕ್ಕೆ ದಾಟುವ ಹೊತ್ತಿಗಷ್ಟೇ ಲಕಾರ ಮುಟ್ಟುತ್ತಾರೆ. ಲಿಪಿಯೇ ಇಲ್ಲಿ ಪಾಠ ಹೇಳುತ್ತದೆ. ಅನುಸ್ವಾರದಲ್ಲಿ ಅದೇ ಲಿಪಿ ತಿರುಗಿ ಬೀಳುತ್ತದೆ. 'ಬಂದ' ಎಂಬಲ್ಲಿ ಸೊನ್ನೆ ಹಿಂದಿನ ಅಕ್ಷರಕ್ಕೇ ಅಂಟಿಕೊಂಡು ಬಂ-ದ ಆಗುತ್ತದೆ. ಉದ್ದ ಸ್ವರದ ಕೆಳಗೆ 'ಬಂ' ನೋಡಿದ ಕೂಡಲೇ ಎಲ್ಲರೂ ಬಾಯಿ ಮುಚ್ಚಿ ಮೂಗಿನಲ್ಲಿ ಗುಂಯ್‌ಗುಡಲು ಶುರು. 'ಕನ್ನಡ'ದ ನಕಾರ ಮುಂದಿನ ಸ್ವರಕ್ಕೆ, 'ಬಂದ'ದ ನಕಾರ ಹಿಂದಿನ ಸ್ವರಕ್ಕೆ, ಕಿವಿಗೆ ಎರಡೂ ಒಂದೇ ಜಾತಿಯವಾದರೂ! ಅದಕ್ಕೆ ಅಂಥ ಕಡೆ ಉದ್ದ ಸ್ವರವನ್ನು ಎರಡಾಗಿ ಸೀಳಿ ಗಂಟು ಹಾಕಿ, ಕೊನೆಯ ಅರ್ಧ ಮಾತ್ರೆಯ ಮೇಲೆ ಸಣ್ಣ ಅಕ್ಷರದಲ್ಲಿ 'ನ್' ಎಂದು ಬರೆದೆ. ಪುಸ್ತಕದ ರೀತಿ ಇದಲ್ಲ. ಕೆಲಸ ಮಾಡಿತು.

ಸಾಲಿನ ಕೊನೆಯ ಉದ್ದ ಸ್ವರಕ್ಕೂ ಇದೇ ಕಟ್ಟುನಿಟ್ಟು ಬೇಕು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಸರಿಯಾಗಿ ಮೌನದ ಚಿಹ್ನೆ ಬರೆಯಿರಿ, ಉಸಿರು ತೆಗೆದುಕೊಳ್ಳುವಲ್ಲಿ ಅಲ್ಪವಿರಾಮದಂಥ ಉಸಿರಿನ ಗುರುತು ಹಾಕಿ. ಕ್ವಾಯರಿನಲ್ಲಿ ವಾದ್ಯ ತುಂಬಿಕೊಡುವ ಸಂದು ಇಲ್ಲ, ಬರೆದ ಮೌನ ನಿಜವಾದ ಮೌನವೇ.

ಇನ್ನು ಕೊಂಕು, ಮೀಂಡ್, ಕಂಪನ. ಸೊಪ್ರಾನೊದ ಒಬ್ಬರು ಗ ದಿಂದ ಪ ಕ್ಕೆ ಜಾರಿಕೊಂಡು ಹೋಗುತ್ತಾರೆ. ಅದನ್ನು ನಿಧಾನಗೊಳಿಸಿ ಕೇಳಿದಾಗ ನಡುವೆ ಐದು ಸ್ವರ ಕೇಳಿಸಿದವು. ಐದನ್ನೂ ಬರೆದೆ. ಪುಟ ಇರುವೆ ಸಾಲಿನಂತಾಯಿತು, ಹಾಡಿದವರು ಜಾರುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಹೋದರು. ಈಗ ಎರಡು ಸ್ವರ ಮತ್ತು ನಡುವೆ ಒಂದು ಓರೆಗೆರೆ ಮಾತ್ರ ಬರೆಯುತ್ತೇನೆ.

ಗೆರೆಗೂ ಒಗ್ಗದ ಹಾಡುಗಳಿವೆ. ಚರ್ಚಿನ ಹಾಡು ಮುಗಿದ ಹುಮ್ಮಸ್ಸಿನಲ್ಲಿ ಆಳಂದ ಕಡೆಯ ನಮ್ಮ ದೊಡ್ಡವ್ವನ ಬೀಸುವ ಪದವನ್ನೂ ಬರೆಯಲು ಕೂತೆ. ಅದೂ ವಾದ್ಯವಿಲ್ಲದ ಹಾಡೇ. ಬೀಸುಕಲ್ಲಿನ ಗರಗರ ಬಿಟ್ಟರೆ ಜೊತೆಗೆ ಏನಿಲ್ಲ. ತ್ರಿಪದಿಯ ಮೂರು ಸಾಲು, ಹಾಡುವಾಗ ಎರಡನೆಯ ಸಾಲಿನ ತುಂಡು ಮತ್ತೆ ಮರಳಿ ಬರುತ್ತದೆ. ಕಲ್ಲು ಹಗುರಾದಾಗ ಮಾತ್ರೆ ಬೇಗ, ಹಿಡಿ ಜೋಳ ಹಾಕಿದಾಗ ನಿಧಾನ. ಗುಮಾಸ್ತ ಇಲ್ಲಿ ಸೋತ. ಮ್ಯೂಸ್‌ಸ್ಕೋರಿನಲ್ಲಿ ಒಂದು ಬಾರಿನ ನಿಜವಾದ ಉದ್ದವನ್ನು ಬೇಕಾದಷ್ಟಕ್ಕೆ ಬದಲಿಸಬಹುದು, ತಾಳದ ಅಂಕಿಯನ್ನು ಆರಿಸಿ ವಿ ಒತ್ತಿ ಮರೆಮಾಡಬಹುದು. ಹಾಗೆ ಸಾಲಿಗೊಂದು ಬಾರ್ ಮಾಡಿ, ಅಂಕಿ ಅಡಗಿಸಿ, ಸ್ವರದ ಅಸ್ಥಿಪಂಜರ ಮಾತ್ರ ಇಟ್ಟೆ. ನುಡಿಸಿದಾಗ ದೊಡ್ಡವ್ವ ಕೇಳಿ, "ಇದ ಯಾರ ಹಾಡೋ?" ಅಂದರು. ಆ ಪದಕ್ಕೆ ಒಳ್ಳೆಯ ರೆಕಾರ್ಡಿಂಗೇ ಸರಿಯಾದ ದಾಖಲೆ, ಸ್ಟಾಫ್ ಬರೀ ನೆನಪಿನ ಚೀಟಿ.

ಪ್ರಿಂಟು ಮತ್ತು ಹಂಚಿಕೆ

ನಮ್ಮ 14ರಲ್ಲಿ ಸ್ಟಾಫ್ ಓದಬಲ್ಲವರು ಮೂವರು. ಉಳಿದವರಿಗಾಗಿ ಪ್ರತಿ ಸ್ವರದ ಕೆಳಗೆ ಸಾಹಿತ್ಯದ ಮೇಲೊಂದು ಸಾಲಿನಲ್ಲಿ ಸಾ ರೆ ಗ ಮ ಬರೆದೆ. ಅದಕ್ಕೂ ಸಾಹಿತ್ಯದ ಸಾಲನ್ನೇ ಬಳಸಿದರೆ ತಂತಾನೇ ಸ್ವರದ ಕೆಳಗೆ ನೇರ ಕೂರುತ್ತದೆ. ಸಾಹಿತ್ಯದ ಸಾಲು ಮುಗಿಯುವಲ್ಲೇ ಸ್ಟಾಫಿನ ಸಾಲೂ ಮುಗಿಸಿ, ಗಾತ್ರ ದೊಡ್ಡದು ಮಾಡಿ, ಎ4 ಕಾಗದದಲ್ಲಿ ಝೆರಾಕ್ಸ್ ತೆಗೆಸಿದೆವು. ನಾಲ್ಕು ದನಿಯನ್ನು ಎರಡೇ ಸ್ಟಾಫಿನಲ್ಲಿ ಒತ್ತಿ ಬರೆದರೆ ಕಾಗದ ಉಳಿಯುತ್ತದೆ, ಅರವತ್ತು ದಾಟಿದವರ ಕಣ್ಣು ಉಳಿಯುವುದಿಲ್ಲ.

ಕಾಗದಕ್ಕಿಂತ ಹೆಚ್ಚು ಓಡಿದ್ದು ಎಂಪಿ3. ಮ್ಯೂಸ್‌ಸ್ಕೋರಿನಲ್ಲಿ ದನಿಗಳನ್ನು ಜೋರು ಮೆಲ್ಲ ಮಾಡುವ ಮಿಕ್ಸರಿನಲ್ಲಿ ಒಂದು ದನಿ ಜೋರು, ಉಳಿದ ಮೂರು ಮೆಲ್ಲಗೆ, ಹೀಗೆ ನಾಲ್ಕು ಫೈಲ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಊರ ಹೊರಗೆ ಹಂಚುವವರು ಒಂದು ಗಮನಿಸಬೇಕು. ನಮ್ಮ ಕಾನೂನಿನಲ್ಲಿ ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿದಿರುತ್ತದೆ, ಇತ್ತೀಚಿನವರ ಹಾಡಾದರೆ ಕೇಳಿಯೇ ಹಂಚಿ.

ಬಾಸಿನ ಫೈಲನ್ನು ಇಬ್ಬರು ಡಿಗ್ರಿ ಹುಡುಗರು ಬೈಕಿನ ಮೇಲೆ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡು ಬಂದರು. ಕಾಕಾ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಕೊನೆಯ ಸಾಲಿಗೆ ಬಂದಾಗ ಕೈ ಎತ್ತಿದರು. "ಅಲ್ಲಿ ಕೆಳಗಿನ ಪಂಚಮಕ್ಕ ಇಳೀಬೇಕು. ನೀವ್ಯಾಕ ಮ್ಯಾಲ ಹಿಡ್ದೀರಿ?" ಹುಡುಗರು ನನ್ನ ಕಡೆ ನೋಡಿದರು. ನಾನು ರೆಕಾರ್ಡಿಂಗ್ ತೆಗೆದು ಕೇಳಿಸಿದೆ. ಮೇಲಿನ ಪಂಚಮವೇ ಇತ್ತು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತ ದಮ್ಮು ಸಾಲಲಿಲ್ಲ ತಮ್ಮಾ. ಅದನ್ನೂ ಬರ್ದಿಯೇನು?" ಅಂದರು.

ಕೆಳಗಿನದನ್ನು ದೊಡ್ಡದಾಗಿ ಬರೆದು, ಮೇಲಿನದನ್ನು ತೆಗೆಯಲು ಹೋದೆ. ಬ್ಯಾಡ ಅಂದರು. ಒಂದು ಸ್ವರವನ್ನು ಆರಿಸಿ ಅದನ್ನು ಚಿಕ್ಕದು ಮಾಡುವ ಅನುಕೂಲ ಮ್ಯೂಸ್‌ಸ್ಕೋರಿನಲ್ಲಿದೆ. ಆ ಬಾರಿನಲ್ಲಿ ಈಗ ಒಂದೇ ಕಂಬಕ್ಕೆ ಎರಡು ಪಂಚಮಗಳಿವೆ, ಕೆಳಗೆ ದೊಡ್ಡದು, ಮೇಲೆ ಸಣ್ಣದು. ಹುಡುಗರು ಕೆಳಗಿನದನ್ನು ಹಿಡಿಯುತ್ತಾರೆ. ಕಾಕಾ ಬಂದ ದಿನ ಎರಡೂ ಕೇಳಿಸುತ್ತವೆ.